ಆಟ ನಿಲ್ಲಿಸಿ, ಇದು ನಿಜ

ಸೆಪ್ಟೆಂಬರ್ ೨, ಸೋಮವಾರ, ಸಂಜೆ

ಮತ್ತೆ ಆನ್‌ಲೈನ್ ಕ್ಲಾಸು. ಅಡುಗೆಮನೆಯ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್, ಅದರ ಕೆಳಗೆ ಎರಡು ದಪ್ಪ ಪ್ರಸೂತಿ ಪುಸ್ತಕ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಇರಬೇಕಂತೆ. ಆ ಪುಸ್ತಕಗಳನ್ನು ನನ್ನ ವಿದ್ಯಾರ್ಥಿನಿಯರು ತೆಗೆದದ್ದಕ್ಕಿಂತ ಈಚೆಗೆ ನಾನು ತೆಗೆದದ್ದೇ ಹೆಚ್ಚು.

ಇಪ್ಪತ್ತು ಜನ ಟೀಚರುಗಳು, ಎಲ್ಲರೂ ನರ್ಸಿಂಗ್, ಮಿಡ್‌ವೈಫರಿ ಕಲಿಸುವವರು. ಈಗ ನಮಗೇ ಪಾಠ. ಅರ್ಧ ಪರದೆಯ ಮೇಲೆ, ಅರ್ಧ ಗೊಂಬೆಯ ಮೇಲೆ ಕಲಿಸುವುದು ಹೇಗೆ ಅಂತ. ಸೋಮವಾರ ಪರದೆ. ಗುರುವಾರ ತರಬೇತಿ ಕೇಂದ್ರದಲ್ಲಿ ಸಿಮ್ಯುಲೇಶನ್ — ಗೊಂಬೆಯನ್ನೋ ವೇಷ ಹಾಕಿದವರನ್ನೋ ರೋಗಿ ಎಂದುಕೊಂಡು ಮಾಡುವ ಅಭ್ಯಾಸ.

ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ. ರೆಕಾರ್ಡ್ ಆಗುತ್ತಿದೆ ಎಂದರ್ಥ. ಯಾಕೆ ಎಂದು ಕೇಳಿದೆ. ತರಬೇತುದಾರ ನಗುತ್ತಾ ಹೇಳಿದರು, "ತಪ್ಪಿಸ್ಕೊಂಡೋರಿಗೆ ಆಮೇಲೆ ನೋಡೋಕೆ ಮೇಡಂ." ಯಾರು ತಪ್ಪಿಸಿಕೊಂಡಿದ್ದಾರೆ? ಇಪ್ಪತ್ತೂ ಜನ ಇದ್ದೆವು. ನನ್ನ ಪಾಠವನ್ನು ಒಮ್ಮೆ ಡಬ್ಬಿಗೆ ತುಂಬಿಟ್ಟರೆ ಆಮೇಲೆ ನಾನು ಯಾರಿಗೆ ಬೇಕು? ಬೆಳ್ಳಗಿರುವುದೆಲ್ಲ ಹಾಲಲ್ಲ.

ಕಾಲೇಜಿನಿಂದ ಇಬ್ಬರನ್ನು ಕಳಿಸಿದ್ದಾರೆ. ನನ್ನನ್ನೂ ನಮ್ಮ ಕಿರಿಯ ಟೀಚರ್ ಸೂಜಿಯನ್ನೂ. ನಮ್ಮಲ್ಲೂ ಗೊಂಬೆಗಳ ಹೊಸ ಸ್ಕಿಲ್ಸ್ ಲ್ಯಾಬ್ ಬರುತ್ತದೆ, ಅದಕ್ಕೆ ಇನ್‌ಚಾರ್ಜ್ ಒಬ್ಬರೇ. ಇನ್ನೊಬ್ಬರು ಊರಾಚೆಯ ಶಾಖೆಗೆ. ಪ್ರಿನ್ಸಿಪಾಲ್ ಇದನ್ನು ಬಾಯಿಬಿಟ್ಟು ಹೇಳಿಲ್ಲ. ಹೇಳದೆ ಇರುವ ರೀತಿಯಲ್ಲೇ ಗೊತ್ತಾಯಿತು.

ಸೆಪ್ಟೆಂಬರ್ ೫, ಗುರುವಾರ

ಇವತ್ತು ತರಬೇತಿ ಕೇಂದ್ರ. ದೊಡ್ಡ ಆಸ್ಪತ್ರೆಯ ಎದುರಿಗೇ. ಮಾಳಿಗೆಯ ಮೇಲೆ ಉದ್ದ ಕೋಣೆ, ಎರಡು ಮಂಚ, ನಿಜವಾದ ಮಾನಿಟರ್, ನಿಜವಲ್ಲದ ಆಕ್ಸಿಜನ್. ಒಂದು ಗೋಡೆಗೆ ಕಪ್ಪು ಗಾಜು. ನಮಗೆ ಅದು ಕನ್ನಡಿ, ಹಿಂದೆ ಕೂತ ತರಬೇತುದಾರರಿಗೆ ಕಿಟಕಿ. ಇನ್ನೊಂದು ಗೋಡೆಯ ಟೀವಿಯಲ್ಲಿ ಮನೆಯಿಂದ ನೋಡುವವರ ಮುಖಗಳು. ಹತ್ತು ಜನ ಇಲ್ಲಿ, ಹತ್ತು ಜನ ಅಲ್ಲಿ, ಮುಂದಿನ ತಿಂಗಳು ಅದಲು ಬದಲು. ಹೈಬ್ರಿಡ್ ಅಂದರೆ ಇದೇ.

"ಇದು ಸುರಕ್ಷಿತ ಜಾಗ," ಎಂದರು ತರಬೇತುದಾರ. "ಇಲ್ಲಿ ತಪ್ಪು ಮಾಡ್ಬಹುದು." ಸುರಕ್ಷಿತ ಜಾಗಕ್ಕೆ ಬಂದು ಸುರಕ್ಷಿತ ಎಂದು ಹೇಳುವ ಅಗತ್ಯ ಏನು? ನನ್ನ ಮನೆಗೆ ಬಂದವರಿಗೆ ನಾನು ಹಾಗೆ ಹೇಳಿದ್ದಿಲ್ಲ.

ಒಂದು ನಿಯಮ ಕಲಿಸಿದರು. ಆಟದ ನಡುವೆ ಯಾರಿಗಾದರೂ ನಿಜವಾಗಿಯೇ ಏನಾದರೂ ಆದರೆ ಒಂದೇ ಮಾತು: "ಆಟ ನಿಲ್ಲಿಸಿ, ಇದು ನಿಜ." ಕೇಳಿದವರು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ನಿಲ್ಲಬೇಕು. ಎಲ್ಲರ ಕೈಯಲ್ಲೂ ಒಟ್ಟಾಗಿ ಹೇಳಿಸಿದರು, ಪ್ರೈಮರಿ ಶಾಲೆಯ ಮಗ್ಗಿಯ ಹಾಗೆ.

ಆಮೇಲೆ ಗೊಂಬೆಯನ್ನು ಮಂಚದಿಂದ ಮಂಚಕ್ಕೆ ಎತ್ತುವುದಿತ್ತು. ಹೆಣಭಾರ. ಸೂಜಿ ಹಿಂದೆ ಸರಿದಳು. "ನಾನು ಎತ್ತಲ್ಲ ಮೇಡಂ, ಸೊಂಟ ಹಿಡಿದಿದೆ." ಮೂವತ್ತೆರಡು ವರ್ಷದ ಸೊಂಟ. ನಾನು ಐವತ್ತನಾಲ್ಕಕ್ಕೆ ಎತ್ತಿದೆ. ಟೀವಿಯಲ್ಲಿ ಎಲ್ಲರೂ ನನ್ನ ಏದುಸಿರು ಕೇಳಿದರು. ಅದೇ ಬೇಕಿತ್ತೇನೋ ಅವಳಿಗೆ.

ಸೂಜಿ ಎಂದು ಹೆಸರಿಟ್ಟವಳು ನಾನೇ. ನನ್ನ ವಿದ್ಯಾರ್ಥಿನಿ ಅವಳು. ರಕ್ತ ತೆಗೆಯುವುದನ್ನು ಕಲಿಯುವಾಗ ಉಳಿದವರೆಲ್ಲ ರಬ್ಬರ್ ತೋಳಿಗೆ ಚುಚ್ಚುತ್ತಿದ್ದರು. ಇವಳಿಗೆ ನನ್ನ ತೋಳನ್ನೇ ಕೊಟ್ಟೆ. ಒಂದೇ ಸಲಕ್ಕೆ ನರ ಸಿಕ್ಕಿತು, ನೋವೂ ಆಗಲಿಲ್ಲ. ಹುಡುಗಿಯರು ನನಗಿಟ್ಟ ಹೆಸರೂ ಗೊತ್ತಿದೆ: ಭೂತಗನ್ನಡಿ. ಇರಲಿ.

ಸೆಪ್ಟೆಂಬರ್ ೭, ಶನಿವಾರ

ಸ್ಟಾಫ್ ರೂಮಿನಿಂದ ನೀರಿಗೆ ಹೋಗುತ್ತಿದ್ದೆ. ಕಾರಿಡಾರಿನ ತಿರುವಿನಲ್ಲಿ ಸೂಜಿ, ಫೋನಿನಲ್ಲಿ, ಗೋಡೆಗೆ ಮುಖ ಮಾಡಿ. "ಇನ್ನೂ ಯಾರಿಗೂ ಗೊತ್ತಿಲ್ಲ. ಪ್ರಿನ್ಸಿಪಾಲ್‌ಗೆ ಮಾತ್ರ ಹೇಳ್ತೀನಿ. ಮೇಡಂಗಂತೂ ಬೇಡವೇ ಬೇಡ, ಗೊತ್ತಾದ್ರೆ ಸುಮ್ನೆ ಬಿಡಲ್ಲ."

ಮೇಡಂ ಎಂದರೆ ಅವಳ ಬಾಯಲ್ಲಿ ನಾನೇ. ಉಳಿದವರನ್ನೆಲ್ಲ ಅಕ್ಕ ಎನ್ನುತ್ತಾಳೆ.

ನನ್ನನ್ನು ನೋಡಿ ಫೋನ್ ಇಟ್ಟಳು. "ಮನೆಯಿಂದ ಮೇಡಂ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ. ನಾನು ಕೇಳಿಯೇ ಇರಲಿಲ್ಲ ಯಾರು ಎಂದು.

ಮಧ್ಯಾಹ್ನ ಪ್ರಿನ್ಸಿಪಾಲ್ ಕೋಣೆಗೆ ಹೋದಳು. ಬಾಗಿಲು ಹಾಕಿತ್ತು. ಹೊರಬಂದಾಗ ಕಣ್ಣು ಕೆಂಪಗಿತ್ತು, ಮುಖದಲ್ಲಿ ಮಾತ್ರ ನಗು. ಗೆದ್ದವರ ಮುಖ.

ಸೆಪ್ಟೆಂಬರ್ ೧೨, ಗುರುವಾರ

ಮರ್ಯಾದೆ ಹೋಯಿತು.

ಇವತ್ತು ನನ್ನ ಸರದಿ. ಗೊಂಬೆಗೆ ಹೆರಿಗೆ ಆಗಿದೆ, ರಕ್ತ ಹೋಗುತ್ತಿದೆ, ಬಿ.ಪಿ. ಮೇಲಿದೆ. ನಾನು ನರ್ಸು. ತರಬೇತುದಾರ ಬಿಳಿ ಕೋಟು ಹಾಕಿ ಡಾಕ್ಟರಾಗಿ ಒಳಗೆ ಬಂದರು. ಒಂದು ಇಂಜೆಕ್ಷನ್ ಹೆಸರು ಹೇಳಿ ಬೇಗ ಕೊಡಿ ಎಂದರು. ಬಿ.ಪಿ. ಇದ್ದವರಿಗೆ ಕೊಡಲೇಬಾರದ ಇಂಜೆಕ್ಷನ್ ಅದು. ಇದನ್ನು ನಾನು ಎಷ್ಟು ಬ್ಯಾಚಿಗೆ ಗಿಣಿಪಾಠ ಮಾಡಿಸಿದ್ದೇನೆ. ಆದರೂ ಕೈ ನಿಲ್ಲಲಿಲ್ಲ. ಡಾಕ್ಟರ್ ವೇಷದವರ ಮಾತು ಕೇಳುವುದೇ ಆಟದ ನಿಯಮ ಇರಬಹುದು ಎಂದುಕೊಂಡೆ. ಚುಚ್ಚಿದೆ.

ಗೊಂಬೆಗೆ ಫಿಟ್ಸ್ ಬಂತು.

ಆಮೇಲೆ ಎಲ್ಲರೂ ಸುತ್ತ ಕೂತು ವೀಡಿಯೊ ನೋಡಿದರು. ಇದಕ್ಕೆ ಡಿಬ್ರೀಫಿಂಗ್ ಎನ್ನುತ್ತಾರೆ. "ನೀವು ಸಿರಿಂಜ್ ಹಿಡಿದು ಸ್ವಲ್ಪ ತಡೆದ್ರಿ. ಆಗ ಮನಸ್ಸಲ್ಲಿ ಏನಿತ್ತು?" ಎಂದು ತರಬೇತುದಾರ ಮೆತ್ತಗೆ ಕೇಳಿದರು. ಠಾಣೆಯಲ್ಲಿ ಬೈದಾದರೂ ಕೇಳುತ್ತಾರೆ.

"ಕೊಡಬಾರದು ಅಂತ ಗೊತ್ತಿತ್ತು."

"ಬಾಯಿ ಬಿಡೋದು ಯಾಕೆ ಕಷ್ಟ ಆಯ್ತು ಅಂತ ನೋಡೋಣ. ತಪ್ಪು ಹಿಡಿಯೋಕಲ್ಲ."

ಟೀವಿಯಲ್ಲಿ ಹತ್ತು ಮುಖ ನೆಟ್ಟಗೆ ನನ್ನನ್ನೇ ನೋಡುತ್ತಿದ್ದವು.

ಅದಕ್ಕಿಂತ ಕಹಿ ಇನ್ನೊಂದು. ಇವತ್ತು ಸೂಜಿ ರೋಗಿಯ ತಂಗಿಯ ಪಾತ್ರ ಮಾಡಿ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಮೊದಲೇ ಹೇಳಿದ್ದರಂತೆ, ಡಾಕ್ಟರ್ ತಪ್ಪು ಮದ್ದು ಹೇಳುತ್ತಾರೆ ಎಂದು. ಬಸ್ಸಿನಲ್ಲಿ ಕೇಳಿದೆ.

"ಹೇಳಬಾರದು ಅಂದಿದ್ರು ಮೇಡಂ. ನಂಗೂ ಒಳಗೊಳಗೇ ಕಸಿವಿಸಿ ಆಗ್ತಿತ್ತು. ಕಣ್ಣಲ್ಲೇ ಬೇಡ ಬೇಡ ಅಂತಿದ್ದೆ, ನೀವು ನೋಡ್ಲೇ ಇಲ್ಲ."

ಕಣ್ಣಲ್ಲಿ ಹೇಳಿದಳಂತೆ. ಒಂದು ಸ್ಟಾಪ್ ಮೊದಲೇ ಇಳಿದು ನಡೆದು ಬಂದೆ.

ಈಗ ಹೊಳೆಯುತ್ತಿದೆ. ಡಾಕ್ಟರ್ ವೇಷವೇ ಬಲೆಯಾಗಬಹುದಾದರೆ, "ಆಟ ನಿಲ್ಲಿಸಿ, ಇದು ನಿಜ" ಎನ್ನುವ ಮಾತನ್ನೂ ಇವರು ಬಲೆಗೆ ಬಳಸುವುದಿಲ್ಲ ಎಂದು ಏನು ಗ್ಯಾರಂಟಿ?

ಸೆಪ್ಟೆಂಬರ್ ೧೬, ಸೋಮವಾರ

ಪರದೆಯ ಮೇಲೆ ಹತ್ತು ನಿಮಿಷ ಪಾಠ ಮಾಡುವ ಪರೀಕ್ಷೆ. ನನ್ನದು ಹೆರಿಗೆಯ ನಂತರದ ರಕ್ತಸ್ರಾವ. ಚೆನ್ನಾಗಿ ಹೋಗುತ್ತಿತ್ತು. ಅಷ್ಟರಲ್ಲಿ ಅತ್ತೆ ಹಿಂದಿನಿಂದ ಬಂದು ಕ್ಯಾಮೆರಾಕ್ಕೆ ಮುಖ ಕೊಟ್ಟು, "ಯಾರೂ ಕಾಣ್ತಿಲ್ವಲ್ಲೇ, ಯಾರ ಹತ್ರ ಮಾತಾಡ್ತಿದೀಯ?" ಎಂದರು. ಅರ್ಧ ಜನ ಕ್ಯಾಮೆರಾ ಆಫ್ ಮಾಡಿದ್ದರು, ಕಪ್ಪು ಚೌಕಗಳು. ಅವರ ಪ್ರಶ್ನೆ ನ್ಯಾಯವೇ. ಎಲ್ಲರೂ ನಕ್ಕರು, ನಾನೂ ನಕ್ಕೆ, ಪಾಠ ಹಳಿ ತಪ್ಪಿತು.

ಸೂಜಿಯೂ ಕಪ್ಪು ಚೌಕ. "ನೆಟ್‌ವರ್ಕ್ ಇಲ್ಲ" ಎಂದು ಬರೆದಳು. ಅವಳ ಮನೆ ಟವರಿನ ಬುಡದಲ್ಲೇ ಇದೆ. ನಡುವೆ ಒಮ್ಮೆ ಮೈಕ್ ಆನ್ ಆಗಿ ಕೆಮ್ಮಿದ ಹಾಗೆ, ವಾಂತಿ ಮಾಡಿದ ಹಾಗೆ ಏನೋ ಕೇಳಿತು. ತಕ್ಷಣ ಆಫ್. ಯಾರಿಗೆ ನಾಟಕ?

ಊಟದ ಹೊತ್ತಿಗೆ ಅತ್ತೆಯ ಹತ್ತಿರ ಬಾಯಿಬಿಟ್ಟೆ. ಫೋನು, ಹಾಕಿದ ಬಾಗಿಲು, ಸೊಂಟ, ಎಲ್ಲ ಹೇಳಿದೆ. ಅವರು ತಟ್ಟೆ ಪಕ್ಕಕ್ಕಿಟ್ಟು ಹೇಳಿದರು, "ಮೊಸರಲ್ಲಿ ಕಲ್ಲು ಹುಡುಕೋಳು ನೀನು. ಆ ಮಗು ನಿನ್ನ ಕಂಡ್ರೆ ಎದ್ದು ನಿಲ್ಲತ್ತೆ."

ಎದ್ದು ನಿಲ್ಲುವವರ ಮೇಲೆಯೇ ಕಣ್ಣಿಡಬೇಕು. ಅತ್ತೆ ತಮಗೆ ಓದಲು ಬರುವುದಿಲ್ಲ ಎನ್ನುತ್ತಾರೆ. ಅದನ್ನೂ ನಾನು ಪೂರ್ತಿ ನಂಬಿಲ್ಲ. ಈ ಡೈರಿಯನ್ನು ಅಕ್ಕಿ ಡಬ್ಬಿಯ ಹಿಂದೆ ಇಡುತ್ತೇನೆ.

ಸೆಪ್ಟೆಂಬರ್ ೧೯, ಗುರುವಾರ

ಮುಂದಿನ ಗುರುವಾರ ಕೊನೆಯ ಪರೀಕ್ಷೆ. ಪ್ರಿನ್ಸಿಪಾಲ್ ಕೂಡ ಪರದೆಯಲ್ಲಿ ನೋಡುತ್ತಾರೆ.

ಈ ಸಲ ಗೊಂಬೆ ಅಲ್ಲ, ಬಟ್ಟೆಯ ಬಸುರು. ದೊಡ್ಡ ಏಪ್ರನ್ ಹಾಗೆ ಹೊಟ್ಟೆಗೆ ಕಟ್ಟಿಕೊಳ್ಳುವುದು. ಒಳಗೆ ಮಗುವಿನ ಗೊಂಬೆ, ರಬ್ಬರ್ ಗರ್ಭಕೋಶ, ಕೆಂಪು ನೀರಿನ ಚೀಲ. ಕಟ್ಟಿಕೊಂಡವರ ಕೈಯಲ್ಲಿ ಒಂದು ಕ್ಲಿಪ್. ಬಿಟ್ಟರೆ ರಕ್ತ ಹರಿಯುತ್ತದೆ, ಹಿಡಿದರೆ ನಿಲ್ಲುತ್ತದೆ. ಅಂದರೆ ಎದುರಿಗಿದ್ದವರು ಪಾಸೋ ಫೇಲೋ ಎನ್ನುವುದು ಬಾಣಂತಿ ವೇಷದವರ ಬೆರಳಲ್ಲಿ.

ನನ್ನ ಪರೀಕ್ಷೆಗೆ ಯಾರು ಕಟ್ಟಿಕೊಳ್ಳುತ್ತೀರಿ ಎಂದು ತರಬೇತುದಾರ ಕೇಳಿದ್ದೇ ತಡ, ಸೂಜಿ ಕೈ ಎತ್ತಿದಳು.

"ನಾನೇ ಮಲಗ್ತೀನಿ. ಮೇಡಂ ಕೈ ನಂಗೆ ಗೊತ್ತು."

ಭಾರ ಎತ್ತಲು ಸೊಂಟ ಬರುವುದಿಲ್ಲ. ಇದಕ್ಕೆ ಬರುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದೆ. ಕುಡಿಯಲಿ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆ.

ಸೆಪ್ಟೆಂಬರ್ ೨೫, ಬುಧವಾರ, ಸಂಜೆ

ನಾಳೆ. ತಯಾರಿದ್ದೇನೆ. ಏನೇ ಬಲೆ ಹಾಕಲಿ, ಹಂತ ಬಿಡುವುದಿಲ್ಲ, ನಿಲ್ಲುವುದಿಲ್ಲ. ಕೈ ಒಂದು ಕೆಲಸ, ಬಾಯಿ ಒಂದು ವಿವರಣೆ. ಯಾರ ಮಾತಿಗೂ ತಿರುಗುವುದಿಲ್ಲ.

ಸೂಜಿ ಇವತ್ತು ಕಾಲೇಜಿಗೆ ಬಂದಿದ್ದರೆ ಮುಖ ನೋಡಬಹುದಿತ್ತು. ರಜೆ ಹಾಕಿದ್ದಾಳೆ. ಹೊಟ್ಟೆನೋವಂತೆ.

ಸೆಪ್ಟೆಂಬರ್ ೨೯, ಭಾನುವಾರ

ಬರೆಯಬೇಕು. ಯಾರಿಗೂ ಹೇಳಿಲ್ಲ, ಇಲ್ಲಾದರೂ ಬರೆಯಬೇಕು.

ಗುರುವಾರ. ಸೂಜಿ ಮಂಚದ ಮೇಲೆ ಒರಗಿದ್ದಳು, ಬಟ್ಟೆಯ ಬಸುರು ಕಟ್ಟಿಕೊಂಡು. ರಕ್ತ ಹೋದವರ ಹಾಗೆ ಕಾಣಲಿ ಎಂದು ತರಬೇತುದಾರ ಮುಖಕ್ಕೆ ಬಿಳಿ ಪೌಡರ್ ಹಚ್ಚಿದ್ದರು, ಹಣೆಗೆ ಬೆವರಿನ ಹಾಗೆ ನೀರು ಚಿಮುಕಿಸಿದ್ದರು. ಮಗುವಿನ ಗೊಂಬೆ ಹೊರಬಂತು. ಕೆಂಪು ನೀರು ಶುರುವಾಯಿತು. ನಾನು ಶುರು ಮಾಡಿದೆ.

ಬಿಳಿಚಿಕೊಂಡಿದ್ದಳು. ಪೌಡರ್ ಎಂದುಕೊಂಡೆ. ಬೆವರುತ್ತಿದ್ದಳು. ಚಿಮುಕಿಸಿದ ನೀರು ಎಂದುಕೊಂಡೆ. ಚಿಮುಕಿಸಿದ ನೀರು ಅಷ್ಟು ಹೊತ್ತಿಗೆ ಆರಿರಬೇಕಿತ್ತು.

"ಭುಜ ನೋಯ್ತಿದೆ ಮೇಡಂ," ಎಂದಳು.

ಆಟದಲ್ಲಿ ನಾನು ಸಿಸ್ಟರ್. ಅವಳು ನನ್ನನ್ನು ಸಿಸ್ಟರ್ ಎಂದೇ ಕರೆಯಬೇಕು. ಮೇಡಂ ಎಂದಳು. ಪಾತ್ರ ಮರೆತಳು, ಇವಳಿಗೂ ಒಂದು ಅಂಕ ಹೋಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬಾಣಂತಿಗೆ ಭುಜ ಯಾಕೆ ನೋಯಬೇಕು? ನನ್ನ ಗಮನ ಬೇರೆಡೆಗೆ ಎಳೆಯಲು ಹೇಳಿಕೊಟ್ಟಿದ್ದಾರೆ ಎಂದುಕೊಂಡೆ.

ಆಗ ಅವಳು ನನ್ನ ಮಣಿಕಟ್ಟು ಹಿಡಿದಳು. ಕೈ ತಣ್ಣಗಿತ್ತು. ಬಗ್ಗಿದ್ದ ನನ್ನ ಕಿವಿಯ ಹತ್ತಿರ, ಉಸಿರಿನಲ್ಲೇ ಹೇಳಿದಳು.

"ಆಟ ನಿಲ್ಲಿಸಿ. ಇದು ನಿಜ."

ನಾನು ನಕ್ಕೆ. ಅವಳ ಮುಖವನ್ನೇ ನೋಡಿ ನಕ್ಕೆ. "ಈ ಸಲ ನಾನು ಬೀಳಲ್ಲ ಕಣೇ," ಎಂದೆ, ಅವಳಿಗಷ್ಟೇ ಕೇಳುವ ಹಾಗೆ. ಕೈ ಬಿಡಿಸಿಕೊಂಡೆ. ರಬ್ಬರ್ ಗರ್ಭಕೋಶ ನೀವುತ್ತಾ ಪರದೆಯ ಕಡೆ ತಿರುಗಿ ಮುಂದಿನ ಹಂತವನ್ನು ಪೂರ್ತಿ ವಿವರಿಸಿದೆ. ಧ್ವನಿ ಚೆನ್ನಾಗಿತ್ತು. ಟೀವಿಯಲ್ಲಿ ಯಾರೋ ಚಪ್ಪಾಳೆಯ ಚಿತ್ರ ಒತ್ತಿದರು.

ಅವಳ ಕೈಯಿಂದ ಕ್ಲಿಪ್ ಬಿತ್ತು. ಕೆಂಪು ನೀರು ತಾನಾಗಿಯೇ ಹರಿಯತೊಡಗಿತು. ತಲೆ ಪಕ್ಕಕ್ಕೆ ವಾಲಿತು. ಆಗ ನಾಡಿ ಹಿಡಿದೆ. ನಾಡಿಗೆ ವೇಷ ಹಾಕಲು ಬರುವುದಿಲ್ಲ.

ಏಪ್ರನ್ ಕಿತ್ತೆಸೆದೆ. ಒಳಗಿನ ನಿಜವಾದ ಹೊಟ್ಟೆ ಹಲಗೆಯ ಹಾಗಿತ್ತು. ಹೊರಗೆ ಒಂದು ಹನಿ ಇಲ್ಲ, ಎಲ್ಲ ಒಳಗೇ ಸೋರುತ್ತಿತ್ತು. ಬಸುರು ಗರ್ಭಕೋಶದಲ್ಲಿ ನಿಲ್ಲದೆ ನಾಳದಲ್ಲಿ ನಿಂತರೆ, ನಾಳ ಒಡೆದರೆ, ಭುಜ ನೋಯುತ್ತದೆ. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ.

ಕೂಗಿದೆ. ತರಬೇತುದಾರ ಗಾಜಿನ ಹಿಂದಿನಿಂದ ಓಡಿ ಬಂದರು. ಸ್ಟ್ರೆಚರಿನಲ್ಲೇ ರಸ್ತೆ ದಾಟಿಸಿದೆವು. ಆಪರೇಷನ್ ಆಯಿತು. ಬದುಕಿದ್ದಾಳೆ. ಒಂದು ನಾಳ ತೆಗೆದರು. ಮಗು ಆಗುವುದಿತ್ತು, ಇಲ್ಲ.

ವಾಂತಿ. ಸೊಂಟ. ರಜೆ. ಹೊಟ್ಟೆನೋವು. ಹಾದಿಯಲ್ಲಿ ಹೋಗುವ ಹೆಂಗಸಿನ ನಡಿಗೆ ನೋಡಿ ತಿಂಗಳು ಹೇಳುವವಳು ನಾನು. ಒಂದು ತಿಂಗಳು ಅವಳನ್ನು ಕಣ್ಣು ಕೀಳದೆ ನೋಡಿದೆ, ಏನೂ ಕಾಣಲಿಲ್ಲ.

ಅಕ್ಟೋಬರ್ ೧, ಮಂಗಳವಾರ

ತರಬೇತುದಾರ ಫೋನ್ ಮಾಡಿದ್ದರು. ದನಿ ಒಡೆದಿತ್ತು. ವೀಡಿಯೊ ಮತ್ತೆ ಮತ್ತೆ ನೋಡಿದ್ದಾರಂತೆ. ಸೀಲಿಂಗಿನ ಮೈಕಿನಲ್ಲಿ ಅವಳ ದನಿ ಎಲ್ಲೂ ಇಲ್ಲ.

"ಆ ಮಾತು ಹೇಳೋಕೆ ಅವರಿಗೆ ಆಗ್ಲಿಲ್ಲ ಅನ್ಸತ್ತೆ ಮೇಡಂ. ಹೇಳಿದ್ರೆ ನಾನು ಆಗ್ಲೇ ಓಡಿ ಬರ್ತಿದ್ದೆ. ನೀವು ಇದ್ರಿ, ಬದುಕಿದ್ರು."

"ಹೂಂ," ಎಂದೆ.

ವೀಡಿಯೊದಲ್ಲಿ ನನ್ನ ಬೆನ್ನು ಮಾತ್ರ ಇದೆಯಂತೆ. ಅವರು ನಿಜವಾಗಿ ಅಷ್ಟನ್ನೇ ಕಂಡರೇ? ಅಥವಾ ಎಲ್ಲ ಕಂಡು, ನಾನಾಗಿ ಹೇಳಲಿ ಎಂದು ಕಾಯುತ್ತಿದ್ದಾರೆಯೇ? ಅವರ ಕೆಲಸವೇ ಅದು, ಮೆತ್ತಗೆ ಕೇಳಿ ಬಾಯಿ ಬಿಡಿಸುವುದು.

ಅಕ್ಟೋಬರ್ ೪, ಶುಕ್ರವಾರ

ಆಸ್ಪತ್ರೆಗೆ ಹೋದೆ. ಇಷ್ಟು ದಿನ ಕಾರಿಡಾರಿನವರೆಗೆ ಹೋಗಿ ವಾಪಸು ಬರುತ್ತಿದ್ದೆ. ಇವತ್ತು ಒಳಗೆ.

ಸಣ್ಣಗಾಗಿದ್ದಾಳೆ. ನನ್ನನ್ನು ಕಂಡು ಎದ್ದು ಕೂರಲು ಹೋದಳು. ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು.

"ಮಲಗು, ಮಲಗು."

"ನಿಮಗೆ ಮುಚ್ಚಿಟ್ಟೆ ಅಂತ ಬೇಜಾರಾ ಮೇಡಂ? ಮೂರು ತಿಂಗಳು ತುಂಬ್ಲಿ ಅಂತಿದ್ದೆ. ಕಾಲೇಜಿಗೆ ಕಲಿಸೋಕೆ ಬರೋ ಮುಂಚೆ ಒಂದು ಸಲ ಹೀಗೇ ಆಗಿತ್ತು. ಎಲ್ಲರಿಗೂ ಹೇಳ್ಬಿಟ್ಟು, ಆಮೇಲೆ ಒಬ್ಬೊಬ್ಬರಿಗೂ ಇಲ್ಲ ಅಂತ ಹೇಳೋದಿದ್ಯಲ್ಲ..." ಹೊದಿಕೆಯ ಅಂಚು ಎಳೆದುಕೊಂಡಳು. "ನಿಮಗೆ ಗೊತ್ತಾದ್ರೆ ಸುಮ್ನೆ ಬಿಡ್ತೀರಾ? ದಿನಾ ಕಣ್ಣರೆಪ್ಪೆ ಎಳೆದು ನೋಡ್ತೀರಿ, ಮೆಟ್ಟಿಲು ಹತ್ತೋಕೆ ಬಿಡಲ್ಲ. ಭೂತಗನ್ನಡಿ ಅಂತ ಸುಮ್ನೆ ಅಂತೀವಾ."

ನಗಲು ಪ್ರಯತ್ನಿಸಿದಳು. ಹೊಲಿಗೆ ಎಳೆದಿರಬೇಕು, ಹುಬ್ಬು ಗಂಟಾಯಿತು.

ಆಮೇಲೆ ಸೀಲಿಂಗ್ ನೋಡುತ್ತಾ ಕೇಳಿದಳು. "ನಾನು ಆ ಮಾತು ಹೇಳಿದ್ನಾ ಮೇಡಂ? ಹೇಳಿದ ಹಾಗೆ ನೆನಪು. ಟ್ರೇನಿಂಗ್ ಸರ್ ಹೇಳ್ತಾರೆ ಹೇಳಿಲ್ಲ ಅಂತ."

ನಾನು ಹೇಳಿದ್ದು ಇಷ್ಟು: "ಈಗ ಅದೆಲ್ಲ ಯಾಕೆ? ಮಾತಾಡ್ಬೇಡ. ನಿದ್ದೆ ಮಾಡು."

ಹೊದಿಕೆ ಸರಿ ಮಾಡಿದೆ. ಟೀಚರ್ ಹಾಗೆ, ಅಮ್ಮನ ಹಾಗೆ. ಎಂಥ ನಾಟಕ.

ಬಸ್ಸಿನಲ್ಲಿ ಮತ್ತೆ ಅದೇ ಹುಳ. ಅವಳಿಗೆ ಎಲ್ಲ ನೆನಪಿದೆ. ನನ್ನನ್ನು ಪರೀಕ್ಷಿಸುತ್ತಿದ್ದಾಳೆ. ಹಗ್ಗ ಕೊಟ್ಟು ನೋಡುತ್ತಿದ್ದಾಳೆ, ನಾನು ಎಷ್ಟು ದೂರ ಹೋಗುತ್ತೇನೆ ಎಂದು. ಹೀಗೆ ಯೋಚಿಸಿದಾಗ ಸ್ವಲ್ಪ ಹಗುರಾಯಿತು. ಅವಳೂ ನನ್ನಂಥವಳೇ ಆಗಿದ್ದರೆ ಎಷ್ಟು ಸುಲಭ.

ಅಕ್ಟೋಬರ್ ೭, ಸೋಮವಾರ

ಪ್ರಿನ್ಸಿಪಾಲ್ ಕರೆದರು. ಸ್ಕಿಲ್ಸ್ ಲ್ಯಾಬ್ ನನಗೆ.

"ಅವಳೇ ತಿಂಗಳ ಹಿಂದೆ ಬಂದು ಹೇಳಿದ್ಳು," ಎಂದರು. "ಬಸುರಿ ಅಂತ ಹೇಳಿ, ಲ್ಯಾಬ್ ಮೇಡಂಗೇ ಕೊಡಿ, ನಾನು ಅವರ ಕೈಕೆಳಗೆ ಇರ್ತೀನಿ, ಬೇಕಿದ್ರೆ ಹೊಸ ಶಾಖೆಗೂ ಹೋಗ್ತೀನಿ ಅಂದ್ಳು. ಅತ್ತುಬಿಟ್ಳು ಪಾಪ, ಖುಷಿಗೋ ಹೆದರಿಕೆಗೋ. ಈಗ ನೋಡಿ, ನೀವೇ ಜೀವ ಉಳಿಸಿದ್ರಿ."

ಅದು ಬಾಗಿಲು ಹಾಕಿದ್ದ ದಿನ. ಗೆದ್ದವರ ಮುಖ ಎಂದು ಬರೆದಿದ್ದೆನಲ್ಲ, ಆ ದಿನ.

ಬೀಗದ ಕೈ ಮೇಜಿನ ಮೇಲಿತ್ತು. ತೆಗೆದುಕೊಂಡೆ. ಬೇಡ ಎನ್ನಬಹುದಿತ್ತು. ಅನ್ನಲಿಲ್ಲ.

ಮನೆಯಲ್ಲಿ ಅತ್ತೆ ಖುಷಿಪಟ್ಟರು. ನನ್ನವರು ಫೋನಿನಲ್ಲಿ ತಂಗಿಗೆಲ್ಲ ಹೇಳಿದರು. ಜೀವ ಉಳಿಸಿದ ಕಥೆಯನ್ನೂ. ಪ್ರತಿ ಸಲ ಹೇಳಿದಾಗಲೂ ನಾನು ಇನ್ನಷ್ಟು ಚುರುಕಾಗುತ್ತೇನೆ ಆ ಕಥೆಯಲ್ಲಿ.

ಅಕ್ಟೋಬರ್ ೯, ಬುಧವಾರ

ಸೂಜಿ ಕಲಿಸುವ ಕೆಲಸ ಬಿಡುತ್ತಾಳಂತೆ. ಮನೆಗೆ ಬಂದ ಎರಡನೇ ದಿನಕ್ಕೇ ಪ್ರಿನ್ಸಿಪಾಲ್‌ಗೆ ಫೋನ್ ಮಾಡಿದ್ದಾಳೆ. ಗುಣವಾದ ಮೇಲೆ ವಾರ್ಡ್ ಡ್ಯೂಟಿಗೆ ಹೋಗುತ್ತೇನೆ, ಪಾಠ ಬೇಡ ಅಂತ. ಕಾರಣ ಕೇಳಿದ್ದಕ್ಕೆ ಹೇಳಿದಳಂತೆ, ಪ್ರಿನ್ಸಿಪಾಲ್ ಅವಳದೇ ಮಾತಿನಲ್ಲಿ ಒಪ್ಪಿಸಿದರು:

"ಆಪತ್ತು ಬಂದಾಗ ಬಾಯಿ ಬಿಡಿ ಅಂತ ಹುಡುಗಿಯರಿಗೆ ಕಲಿಸೋಳು ನಾನು. ನನ್ನ ಪ್ರಾಣ ಹೋಗ್ತಿದ್ರೂ ನನ್ನ ಬಾಯಿಂದ ಒಂದು ಮಾತು ಬರ್ಲಿಲ್ಲ. ಬೇಗ ಹೇಳಿದ್ರೆ ಏನಾದ್ರೂ ಆಗ್ತಿತ್ತೋ ಏನೋ. ಇನ್ನು ಯಾವ ಮುಖ ಇಟ್ಕೊಂಡು ಕಲಿಸ್ಲಿ?"

"ನೀವು ಸ್ವಲ್ಪ ಬುದ್ಧಿ ಹೇಳಿ," ಎಂದರು ಪ್ರಿನ್ಸಿಪಾಲ್. "ನಿಮ್ಮ ಮಾತು ಅವಳಿಗೆ ವೇದ."

ಬಲೆ ಅಲ್ಲ. ಬಲೆ ಹಾಕುವವರು ತಮ್ಮ ಅನ್ನ ಬಿಡುವುದಿಲ್ಲ. ಈ ಒಂದು ತಿಂಗಳಲ್ಲಿ ಒಂದೇ ಒಂದು ಬಲೆಯೂ ಇರಲಿಲ್ಲ, ತರಬೇತುದಾರರ ಆ ಬಿಳಿ ಕೋಟೊಂದು ಬಿಟ್ಟು. ಅದನ್ನೂ ಅವರು ಅದೇ ದಿನ ಬಿಚ್ಚಿ ತೋರಿಸಿದ್ದರು.

ಆಗ ಹೇಳಿದ್ದರೆ ಒಂದು ತಪ್ಪು. ಈಗ ಎರಡಾಗಿದೆ. ಅವಳ ನಾಳದ ಜೊತೆ ಅವಳ ನಾಲಿಗೆಯನ್ನೂ ನಾನೇ ಕಿತ್ತುಕೊಂಡು ಕೂತಿದ್ದೇನೆ.

ಹೇಳಿದರೆ ಲ್ಯಾಬ್ ಹೋಗುತ್ತದೆ. ಹೆಸರು ಹೋಗುತ್ತದೆ. ಮನೆಯಲ್ಲಿ ಹೇಗೆ ಮುಖ ತೋರಿಸಲಿ. ಇಷ್ಟೆಲ್ಲ ಗೊತ್ತು. ಹೇಳದಿದ್ದರೆ ಏನು ಹೋಗುತ್ತದೆ ಎನ್ನುವುದೂ ಗೊತ್ತು.

ಅಕ್ಟೋಬರ್ ೧೦, ಗುರುವಾರ, ಸಂಜೆ

ಹೋಗಿದ್ದೆ. ಮೂರನೇ ಮಹಡಿ. ಅವಳ ಗಂಡ ಬಾಗಿಲು ತೆಗೆದ. "ನೀವು ಬಂದ್ರೆ ಅವಳು ಸರಿ ಹೋಗ್ತಾಳೆ ಮೇಡಂ," ಎಂದು ಕಾಫಿ ಮಾಡಲು ಒಳಗೆ ಹೋದ. ಅವನು ಅಲ್ಲಿ ಇಲ್ಲದಿದ್ದಾಗಲೇ ಹೇಳಿಬಿಡಬೇಕು ಎಂದುಕೊಂಡೆ. ಇಲ್ಲ, ಅವನೂ ಕೇಳಲಿ ಎಂದುಕೊಂಡೆ. ಕಾದೆ. ಅವನು ಲೋಟ ಇಟ್ಟು ಕೂತ.

ಸೂಜಿ ಕಿಟಕಿಯ ಪಕ್ಕ, ದಿಂಬಿಗೆ ಒರಗಿ. ಮಡಿಲಲ್ಲಿ ನಮ್ಮ ಹುಡುಗಿಯರು ಕಳಿಸಿದ ಕಾರ್ಡು.

ಪೀಠಿಕೆ ಹಾಕಲಿಲ್ಲ. "ನೀನು ಹೇಳಿದ್ದೆ," ಎಂದೆ. "ನನ್ನ ಕೈ ಹಿಡ್ಕೊಂಡು, ನನ್ನ ಕಿವೀಲಿ. ಒಂದಕ್ಷರ ಬಿಡದೆ ಹೇಳಿದ್ದೆ. ನಂಗೆ ಕೇಳಿಸ್ತು. ನಾನು ನಂಬ್ಲಿಲ್ಲ. ನೀನು ನನ್ನ ಕಾಲೆಳೆಯೋಕೆ ಮಾಡ್ತಿದೀಯ ಅನ್ಕೊಂಡೆ. ಲ್ಯಾಬಿಗೋಸ್ಕರ. ಒಂದು ತಿಂಗಳಿಂದ ಹಾಗೇ ಅನ್ಕೊಂಡಿದ್ದೆ."

ಗಂಡ ನನ್ನನ್ನು ನೋಡಿದ, ಅವಳನ್ನು ನೋಡಿದ. ಎದ್ದು ಒಳಗೆ ಹೋದ. ಒಳಗೆ ನಲ್ಲಿ ಬಿಟ್ಟ ಸದ್ದು, ತುಂಬ ಹೊತ್ತು.

ಅವಳು ಬೈಯುತ್ತಾಳೆ ಎಂದು ಕಾಯುತ್ತಿದ್ದೆ. ಅಳುತ್ತಾಳೆ ಎಂದು. ಕಾರ್ಡನ್ನು ಮಡಚಿದಳು, ಬಿಡಿಸಿದಳು.

"ನೀವು ನಕ್ಕಿದ್ದು ನೆನಪಿತ್ತು ಮೇಡಂ," ಎಂದಳು. "ಮುಖ ಅಷ್ಟು ಹತ್ರ. ಪ್ರಜ್ಞೆ ಬಂದಾಗ ಮೊದಲು ನೆನಪಾಗಿದ್ದೇ ಅದು. ಮೇಡಂ ಕೇಳಿಸ್ಕೊಂಡು ನಗೋರಲ್ಲ. ಸಾಧ್ಯನೇ ಇಲ್ಲ. ಹಾಗಾದ್ರೆ ನಾನೇ ಹೇಳಿಲ್ಲ, ಎಲ್ಲಾ ಮಂಪರಲ್ಲಿ ಕಂಡಿದ್ದು ಅಂತ... ನಂಗೆ ನಾನೇ ಒಪ್ಪಿಸ್ಕೊಂಡೆ."

ನನ್ನ ಮೇಲಿನ ನಂಬಿಕೆ ಉಳಿಸಿಕೊಳ್ಳಲು ತನ್ನ ಕಣ್ಣು ಕಿವಿಯನ್ನೇ ಸುಳ್ಳು ಮಾಡಿಕೊಂಡಿದ್ದಳು.

"ನೀವು ಹೋಗಿ ಮೇಡಂ," ಎಂದಳು ಆಮೇಲೆ. ಗಟ್ಟಿಯಾಗಿ ಅಲ್ಲ. ಮಾಮೂಲಿ ದನಿಯಲ್ಲಿ, ಬಸ್ಸಿಗೆ ಹೊತ್ತಾಯಿತು ಎನ್ನುವ ಹಾಗೆ. ಈ ಸಲ ಎದ್ದು ಕೂರಲಿಲ್ಲ. ನಾನು ಬಾಗಿಲ ಹತ್ತಿರ ಹೋದಾಗ ಮಾತ್ರ ಹೇಳಿದಳು. "ನಾಳೆ ಪ್ರಿನ್ಸಿಪಾಲ್‌ಗೂ ಹೇಳಿ. ನಾನು ಹೇಳಿದ್ದೆ ಅಂತ."

ಹೇಳುತ್ತೇನೆ. ಬೆಳಿಗ್ಗೆ ಹೋದ ಕೂಡಲೇ, ಬೀಗದ ಕೈ ಮೇಜಿನ ಮೇಲಿಟ್ಟು. ಬಾಯಿ ತೊದಲದ ಹಾಗೆ ಈಗಲೇ ಬರೆದುಕೊಳ್ಳುತ್ತೇನೆ. ಸುತ್ತಿ ಬಳಸಿ ಅಲ್ಲ, ಸೀದಾ.

ಆ ದಿನ ಅವಳು ಸ್ಪಷ್ಟವಾಗಿ ಹೇಳಿದ್ದಳು. ನನಗೆ ಕೇಳಿಸಿತು. ನಾನು ಅವಳ ಮುಖ ನೋಡಿ ನಕ್ಕೆ.